ಅರಿಶಿನದ ಡಬ್ಬಿಯ ತೂಕ

ನಮ್ಮ ಮನೆಯವರಿಗೆ ಇಥಿಯೋಪಿಯಾದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುವ ಕೆಲಸ ಸಿಕ್ಕಿದಾಗ ಭದ್ರಾವತಿಯಲ್ಲಿ ನನ್ನನ್ನು ಕಂಡವರೆಲ್ಲ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಅಲ್ಲಿ ಅಕ್ಕಿ ಸಿಗುತ್ತಾ? ಸಂಬಳ ಎಷ್ಟು ಅನ್ನುವುದನ್ನು ಎರಡನೆಯದಾಗಿ ಕೇಳಿದರು. ಎರಡಕ್ಕೂ ನಾನು, ಶಿವ ಕರೆದುಕೊಂಡು ಹೋಗ್ತಿದ್ದಾನೆ, ಶಿವನೇ ಉಣ್ಣಿಸ್ತಾನೆ ಎಂದು ಹೇಳುತ್ತಿದ್ದೆ. ಹೇಳಿದ ಮೇಲೆ ಒಳಗೆ ಹೋಗಿ ಐದು ಕೆಜಿ ಅಕ್ಕಿಯನ್ನು ಚೀಲಕ್ಕೆ ತುಂಬಿ ಬಾಯಿ ಹೊಲಿದಿಟ್ಟೆ.

ಆ ಚೀಲವನ್ನು ನಮ್ಮ ಮನೆಯವರು ಮಾರನೆಯ ದಿನವೇ ಬಿಚ್ಚಿಸಿದರು. ವಿಮಾನದಲ್ಲಿ ತಲೆಗೆ ಇಪ್ಪತ್ತು ಕೆಜಿ ಮಾತ್ರ. ನಾವು ಮೂವರು: ಅವರು, ನಾನು, ಐದನೇ ಕ್ಲಾಸಿನ ಮಗಳು. ಹದಿನಾಲ್ಕು ವರ್ಷದ ಸಂಸಾರವನ್ನು ಅರವತ್ತು ಕೆಜಿಗೆ ಇಳಿಸಬೇಕಿತ್ತು. ಮಗಳನ್ನು ಶಿವಮೊಗ್ಗದ ರವೀಂದ್ರನಗರದಲ್ಲಿದ್ದ ನನ್ನ ನಾದಿನಿಯ ಮನೆಗೆ ಒಂದು ವಾರ ಕಳಿಸಿದೆವು. ಅವಳು ಇಲ್ಲೇ ಇದ್ದರೆ ನಾವು ಕೊಡಲು ಇಟ್ಟಿದ್ದನ್ನೆಲ್ಲ ಒಂದೊಂದಾಗಿ ವಾಪಸು ಒಯ್ಯುತ್ತಿದ್ದಳು.

ನಮ್ಮದು ಕಾರ್ಖಾನೆಯ ಹತ್ತಿರದ ಸಾಲುಮನೆಗಳಲ್ಲಿ ಒಂದು ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಕೊಡುವ ಸಾಮಾನು, ಮಲಗುವ ಕೋಣೆಯಲ್ಲಿ ಒಯ್ಯುವ ಸಾಮಾನು ಎಂದು ಅವರು ಭಾಗ ಮಾಡಿದರು. ಕಾಲೇಜಿನ ಲ್ಯಾಬಿನಿಂದ ಒಂದು ಸಣ್ಣ ತಕ್ಕಡಿ, ಅದರ ಹಿತ್ತಾಳೆಯ ತೂಕದ ಬೊಟ್ಟುಗಳ ಪೆಟ್ಟಿಗೆ ಕೇಳಿ ತಂದರು. ದೊಡ್ಡ ತೂಕಕ್ಕೆ ರದ್ದಿ ಅಂಗಡಿಯವನ ಕೊಕ್ಕೆ ತಕ್ಕಡಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿಯೊಂದು ವಸ್ತುವಿನ ಹೆಸರು, ಅದರ ಮುಂದೆ ಗ್ರಾಂ. ಮದುವೆಯಾದ ಹೊಸದರಲ್ಲಿ ನನ್ನ ಅಡುಗೆಯ ಬಗ್ಗೆ ಎರಡು ಮಾತು ಆಡದ ಮನುಷ್ಯ, ಈಗ ನನ್ನ ಚಟ್ನಿಪುಡಿಯ ಬಗ್ಗೆ ಒಂದು ಪುಟ ಬರೆದರು.

ಅವರ ಪುಸ್ತಕಗಳು ಹನ್ನೊಂದು ಕೆಜಿ. ನನ್ನ ಹಿತ್ತಾಳೆಯ ಶ್ಯಾವಿಗೆ ಒರಳು ಎರಡೂವರೆ ಕೆಜಿ. ಒರಳು ಮುಂದಿನ ಕೋಣೆಗೆ ಹೋಯಿತು. ನಾನು ಅದನ್ನು ಮಲಗುವ ಕೋಣೆಗೆ ತಂದೆ. ಸ್ನಾನ ಮಾಡಿ ಬರುವಷ್ಟರಲ್ಲಿ ಮತ್ತೆ ಮುಂದಿನ ಕೋಣೆಯಲ್ಲಿತ್ತು.

"ಅಲ್ಲಿ ಪಾಠ ಮಾಡೋನು ನಾನು, ಮಾರಾಯ್ತಿ. ಶ್ಯಾವಿಗೆ ಅಲ್ಲ" ಎಂದರು.

"ನೀವು ಪಾಠ ಮಾಡಿ ಬಂದು ತಿನ್ನೋದು ಪುಸ್ತಕಾನಾ?" ಎಂದೆ.

ಒರಳು ಕೊನೆಗೆ ನಾದಿನಿಗೆ ಹೋಯಿತು. ಪುಸ್ತಕ ಒಂಬತ್ತು ಕೆಜಿಗೆ ಇಳಿಯಿತು. ಅಷ್ಟಾದರೂ ಇಳಿಯಿತಲ್ಲ ಎಂದು ದೇವರಿಗೆ ಕೈಮುಗಿದೆ.

ಕೊಡುವುದರಲ್ಲಿ ನಾನು ಕೈ ಬಿಗಿ ಮಾಡಲಿಲ್ಲ. ಮಿಕ್ಸಿ ಅವರ ಸಹೋದ್ಯೋಗಿಯ ಹೆಂಡತಿಗೆ, ಹಾಸಿಗೆ ಎರಡು ನಮ್ಮ ಪಾತ್ರೆ ತೊಳೆಯುವ ಹೆಂಗಸಿಗೆ, ಒರಳು, ದೋಸೆ ಕಾವಲಿ ನಾದಿನಿಗೆ. ಅಡುಗೆಮನೆಯ ಸ್ಟೀಲ್ ಡಬ್ಬಿಗಳನ್ನು ಈ ಮೂವರಿಗೂ ಹಂಚಿದೆ. ಹಿತ್ತಿಲಲ್ಲಿ ಕುಂಡದಲ್ಲಿದ್ದ ಕರಿಬೇವಿನ ಗಿಡವನ್ನು ಪಕ್ಕದ ಮನೆಯವಳಿಗೆ ಹೇಳಿಟ್ಟಿದ್ದೆ. ಅವಳ ತಂದೆಯ ಕಾಲದಲ್ಲೇ ಕಾರ್ಖಾನೆ ಕೆಲಸಕ್ಕೆಂದು ಬಂದು ನೆಲೆಸಿದ ತಮಿಳರ ಮನೆ ಅದು. ಹನ್ನೊಂದು ವರ್ಷದಿಂದ ಗೋಡೆಗೆ ಗೋಡೆ ಕೂಡಿದ ನೆಂಟಸ್ತನ. ನಮ್ಮ ಗಿಡದ ಅರ್ಧ ಸೊಪ್ಪು ಹೇಗೂ ಅವಳ ಒಗ್ಗರಣೆಗೇ ಹೋಗುತ್ತಿತ್ತು.

ಆ ಸಹೋದ್ಯೋಗಿಯ ಹೆಂಡತಿ ಒಮ್ಮೆ ದುಬೈಗೆ ಹೋಗಿ ಬಂದವರು. ನನ್ನ ಕೊರಳು ನೋಡಿ ಅವರು ಹೇಳಿದ ಮಾತಿನಿಂದ ಮುಂದಿನದ್ದೆಲ್ಲ ಆಯಿತು. ಏರ್‌ಪೋರ್ಟಿನಲ್ಲಿ ಬಾಗಿಲಿನ ಚೌಕಟ್ಟಿನಂಥದ್ದು ಒಂದಿರುತ್ತದೆ, ಮೈಮೇಲೆ ಲೋಹ ಇದ್ದರೆ ಅದು ಕೂಗಿಕೊಳ್ಳುತ್ತದೆ, ಆಮೇಲೆ ಪೊಲೀಸಿನ ಹೆಂಗಸು ಬಂದು ಕೊರಳಿಗೇ ಕೈ ಹಾಕಿ ಬಿಚ್ಚಿ ನೋಡುತ್ತಾಳೆ ಎಂದರು.

ನನ್ನ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ನನ್ನ ಲಿಂಗ. ನಾನು ಹುಟ್ಟಿದ ಕೆಲವು ದಿನಕ್ಕೇ ನಮ್ಮ ಊರಿನ ಮಠದ ಅಯ್ಯನವರು ಕಟ್ಟಿದ್ದು. ದಿನಾ ಸ್ನಾನ ಮಾಡಿ, ಎಡಗೈಯಲ್ಲಿ ಹಿಡಿದು, ನೀರೆರೆದು, ವಿಭೂತಿ ಪತ್ರೆ ಇಟ್ಟು ಪೂಜಿಸಿದ ಮೇಲೆಯೇ ನನ್ನ ಬಾಯಿಗೆ ಕಾಫಿ. ನನಗೆ ಬುದ್ಧಿ ಬಂದ ಮೇಲೆ ಅದನ್ನು ನನ್ನ ಕೈಯಲ್ಲದೆ ಬೇರೆ ಕೈ ಮುಟ್ಟಿದ್ದಿಲ್ಲ. ಯಾವಳೋ ಪೊಲೀಸಿನವಳು ಟಕ್ಕನೆ ತೆಗೆದು ಬೆಳಕಿಗೆ ಹಿಡಿಯುವುದನ್ನು ನೆನೆಸಿಕೊಂಡೇ ನನಗೆ ಬೆವರು ಬಂತು. ಬೆಳ್ಳಿ ಕರಡಿಗೆ ಸೂಟ್‌ಕೇಸಿಗೆ, ಲಿಂಗಕ್ಕೆ ಬಟ್ಟೆಯ ಚೀಲ ಎಂದು ತೀರ್ಮಾನ ಮಾಡಿದೆ. ಬಟ್ಟೆ ಕೂಗುವುದಿಲ್ಲವಲ್ಲ.

ಶುಕ್ರವಾರ ಸಂಜೆ ಶಿವಮೊಗ್ಗದಿಂದ ನಮ್ಮ ಬಸ್ಸು. ಸೋಮವಾರ ಬೆಳಿಗ್ಗೆ ಪೂಜೆ ಆದ ಮೇಲೆ ಅವರ ಹಳೇ ಪಂಚೆಯ ಅಂಚು ಕತ್ತರಿಸಿ, ಚೀಲದ ಅಳತೆಗೆಂದು ಲಿಂಗವನ್ನು ಕರಡಿಗೆಯಿಂದ ತೆಗೆದು ಬಿಳಿ ವಸ್ತ್ರದಲ್ಲಿ ಗಂಟು ಕಟ್ಟಿಕೊಂಡೆ. ಅಷ್ಟರಲ್ಲಿ ಮಿಕ್ಸಿ ಒಯ್ಯಲು ಬಂದವರು ಬಾಗಿಲು ಬಡಿದರು. ಗಂಟನ್ನು ಎಲ್ಲೋ ಇಟ್ಟೆ. ಮಿಕ್ಸಿಯ ಜಾರ್ ಹುಡುಕಿಕೊಟ್ಟೆ, ಕಾಫಿ ಮಾಡಿಕೊಟ್ಟೆ, ದುಬೈ ಕಥೆ ಇನ್ನೊಮ್ಮೆ ಕೇಳಿದೆ. ಅವರು ಹೋದ ಮೇಲೆ ಹಾಸಿಗೆ ಒಯ್ಯಲು ಪಾತ್ರೆ ತೊಳೆಯುವವಳು ಬಂದಳು, ಆಮೇಲೆ ನಾದಿನಿ ಬಂದಳು. ಈ ಗಲಾಟೆಯಲ್ಲಿ ಕೊರಳು ಬರಿದಾಗಿದೆಯಲ್ಲ ಎಂದು ಕೈ ತನ್ನಷ್ಟಕ್ಕೆ ತಾನೇ ಕರಡಿಗೆಯನ್ನು ತೆಗೆದು ಕೊರಳಿಗೆ ಹಾಕಿಕೊಂಡಿತು. ಖಾಲಿ ಕರಡಿಗೆ. ಅದನ್ನೇ ತೊಟ್ಟು ಸಂಜೆ ದೇವಸ್ಥಾನಕ್ಕೂ ಹೋಗಿ ಬಂದೆ. ಹತ್ತಾರು ಜನರಿಗೆ ಒಳ್ಳೆಯ ಮಾತು ಹೇಳಿದೆ. ಎಷ್ಟು ಭಕ್ತಿ ಆ ದಿನ ನನಗೆ!

ಮಂಗಳವಾರ ಸ್ನಾನ ಮಾಡಿ ಕೂತು ಕರಡಿಗೆ ಬಿಚ್ಚಿದರೆ ಒಳಗೆ ಏನೂ ಇಲ್ಲ.

ನನ್ನ ಕೈಗೊಂದು ಚಟವಿದೆ. ಬೆಲೆಬಾಳುವುದು ಏನೇ ಸಿಕ್ಕಿದರೂ ಅಡುಗೆಮನೆಯ ಡಬ್ಬಿಯೊಳಗೆ ಇಟ್ಟುಬಿಡುತ್ತೇನೆ. ಬೀಗದ ಕೈ ರಾಗಿಹಿಟ್ಟಿನಲ್ಲಿ, ಓಲೆ ಸಾಸಿವೆಯಲ್ಲಿ. ಕಳ್ಳ ಬಂದರೆ ಅಡುಗೆ ಕಲಿತು ಹೋಗಬೇಕು ಎಂದು ಇವರು ತಮಾಷೆ ಮಾಡುತ್ತಿದ್ದರು. ಹಾಗಾಗಿ ಲಿಂಗ ಒಂದು ಡಬ್ಬಿಯಲ್ಲಿದೆ ಅನ್ನುವುದರಲ್ಲಿ ನನಗೆ ಸಂಶಯವಿರಲಿಲ್ಲ. ಡಬ್ಬಿಗಳು ಮಾತ್ರ ಮೂರು ದಿಕ್ಕಿಗೆ ಹೋಗಿದ್ದವು. ಒಯ್ಯಲು ಇಟ್ಟಿದ್ದ ನಾಲ್ಕನ್ನು ಸುರಿದು ನೋಡಿದೆ. ಸಾಂಬಾರ್ ಪುಡಿ ಕಣ್ಣಿಗೆ ಹೋಯಿತು, ಅಳುವುದಕ್ಕೆ ಒಂದು ನೆಪವೂ ಸಿಕ್ಕಿತು.

ನಮ್ಮ ಅಜ್ಜಿ ಹೇಳುತ್ತಿದ್ದಳು: ಕೊರಳ ಲಿಂಗ ತಪ್ಪಿದರೆ ಅದು ಸಿಗುವ ತನಕ ಅನ್ನ ಮುಟ್ಟಬಾರದು. ಅವಳದ್ದು ಒಮ್ಮೆ ಹೊಳೆಯ ಸ್ನಾನದಲ್ಲಿ ಜಾರಿ ಹೋಗಿ, ಮಧ್ಯಾಹ್ನ ಸಿಗುವವರೆಗೆ ಒದ್ದೆ ಸೀರೆಯಲ್ಲಿ ದಡದಲ್ಲೇ ಕೂತಿದ್ದಳಂತೆ. ನಾನು ಹೊಳೆಯ ದಡದಲ್ಲಿ ಕೂರಲಿಲ್ಲ, ಖಾಲಿ ಅಡುಗೆಮನೆಯಲ್ಲಿ ಕೂತೆ. ಲಿಂಗ ಸಿಗದೆ ಊಟವಿಲ್ಲ, ಲಿಂಗವಿಲ್ಲದೆ ವಿಮಾನವೂ ಹತ್ತುವುದಿಲ್ಲ ಎಂದು ಇವರಿಗೆ ಹೇಳಿದೆ.

ಇವರು ಕನ್ನಡಕ ತೆಗೆದು ಒರೆಸಿಕೊಂಡರು. ಹಾಗೆ ಒರೆಸಿಕೊಂಡರೆ ಗಾಬರಿಯಾಗಿದೆ ಎಂದರ್ಥ. ಮಠಕ್ಕೆ ಹೋಗಿ ಅಯ್ಯನವರ ಕೈಯಿಂದ ಇನ್ನೊಂದು ಕಟ್ಟಿಸಿಕೊಂಡು ಬರೋಣ, ಶಾಸ್ತ್ರದಲ್ಲಿ ಅದಕ್ಕೂ ದಾರಿ ಇದೆ ಎಂದು ಮೆಲ್ಲಗೆ ಹೇಳಿದರು. ಇದು ಸೂಟ್‌ಕೇಸಿನ ಹಿಡಿಯಲ್ಲ, ಹೊಸದು ಹಾಕಿಸಲಿಕ್ಕೆ ಎಂದೆ. ಹಾಗಾದರೆ ನಾನೂ ಊಟ ಮಾಡುವುದಿಲ್ಲ ಎಂದು ಘೋಷಿಸಿದರು. ಗಂಡನೆಂದರೆ ಇಂಥವನು ಎಂದುಕೊಂಡೆ. ಹನ್ನೊಂದು ಗಂಟೆಗೆ ರದ್ದಿ ಅಂಗಡಿಯವನ ಹತ್ತಿರ ಕೆಲಸವಿದೆ ಎಂದು ಹೋಗಿ ಬಂದರು. ಬಂದಾಗ ಕೈ ಘಮ್ಮೆಂದು ಸಾಂಬಾರಿನ ವಾಸನೆ ಹೊಡೆಯುತ್ತಿತ್ತು. ನಾನು ಕೇಳಲಿಲ್ಲ. ಉಪವಾಸ ಮಾಡುವವರಿಗೆ ಮೂಗು ಬಹಳ ಚುರುಕಾಗಿರುತ್ತದೆ ಎಂಬುದು ಅವರ ಕೆಮಿಸ್ಟ್ರಿಯಲ್ಲಿ ಇರಲಿಲ್ಲವೆಂದು ಕಾಣುತ್ತದೆ.

ಡಬ್ಬಿ ಒಯ್ದ ಮೂವರನ್ನು ಕೇಳಬೇಕಿತ್ತು. ಆದರೆ ಕೊರಳ ಲಿಂಗ ಕಳೆದುಕೊಂಡೆ ಎಂದು ಯಾವ ಬಾಯಲ್ಲಿ ಹೇಳುವುದು? ಊರಿಗೆಲ್ಲ ಪೂಜೆ, ನೇಮ ಎಂದು ಹೇಳಿಕೊಂಡು ತಿರುಗಿದವಳು ನಾನು. ಹಾಗಾಗಿ ಇಬ್ಬರ ಮನೆಗೆ ಹೋಗಿ, ನಾದಿನಿಗೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, ಮೂವರಿಗೂ ಒಂದೇ ಮಾತು ಹೇಳಿದೆ: ನಾನು ಕೊಟ್ಟ ಡಬ್ಬಿಯಲ್ಲಿ ಒಂದು ಸಣ್ಣ ವಸ್ತು ಉಳಿದುಬಿಟ್ಟಿದೆಯೇನೋ, ಸ್ವಲ್ಪ ನೋಡಿ. ಏನು ವಸ್ತು ಎಂದು ಕೇಳಿದರೆ, ಸಣ್ಣದು, ಸಿಕ್ಕರೆ ಗೊತ್ತಾಗುತ್ತೆ ಎಂದೆ.

ಅದು ನಾನು ಮಾಡಿದ ಎರಡನೆಯ ತಪ್ಪು. ಸಣ್ಣ ವಸ್ತು ಎಂದರೆ ಅವರೆಲ್ಲ ಬಂಗಾರ ಎಂದೇ ತಿಳಿದರು. ಹುಡುಕಿದರು, ಸಿಗಲಿಲ್ಲ. ಸಿಗಲಿಲ್ಲ ಎಂದರೆ ಇವಳು ನಮ್ಮ ಮೇಲೆ ಅನುಮಾನ ಪಡುತ್ತಾಳೆ ಎಂದುಕೊಂಡರು. ಬುಧವಾರ ಬೆಳಿಗ್ಗೆಯಿಂದ ನಮ್ಮ ಸಾಮಾನು ಮನೆಗೆ ವಾಪಸು ಬರತೊಡಗಿತು.

ಮೊದಲು ಪಾತ್ರೆ ತೊಳೆಯುವವಳು ಎರಡೂ ಹಾಸಿಗೆಯನ್ನು ತಲೆಯ ಮೇಲೆ ಹೊತ್ತು ತಂದಳು. ಡಬ್ಬಿಗಳು ಅದರೊಳಗೆ ಸುತ್ತಿಕೊಂಡಿದ್ದವು. "ನಿಮ್ದು ನೀವೇ ಇಟ್ಕಳ್ರವ್ವ. ನಾನು ಚಾಪೆ ಮ್ಯಾಲೆ ಮಲಗಿದ್ರೂ ನಿದ್ದೆ ಬತ್ತದೆ" ಎಂದು ಹೇಳಿ, ನಾನು ಬಾಯಿ ತೆರೆಯುವ ಮೊದಲೇ ಹೋದಳು. ಅವಳ ಹಿಂದೆ ಆಟೋದಲ್ಲಿ ಡಬ್ಬಿಗಳ ಸಮೇತ ಮಿಕ್ಸಿ ಬಂತು. ನಾನು ಕೊಟ್ಟಿದ್ದು ಎರಡು ಜಾರ್, ಬಂದದ್ದು ಮೂರು. ದುಬೈಯವರು ಗಾಬರಿಯಲ್ಲಿ ತಮ್ಮದನ್ನೂ ಸೇರಿಸಿ ಕಳಿಸಿದ್ದರು. ಹತ್ತೂವರೆಯ ಬಸ್ಸಿಗೆ ನಾದಿನಿ ಶಿವಮೊಗ್ಗದಿಂದ ಇಳಿದಳು. ಒಂದು ಕೈಯಲ್ಲಿ ಶ್ಯಾವಿಗೆ ಒರಳು, ಇನ್ನೊಂದರಲ್ಲಿ ಡಬ್ಬಿಯ ಚೀಲ, ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ದೋಸೆ ಕಾವಲಿ.

"ಅತ್ತಿಗೆ, ಕೊಟ್ಟ ಮೇಲೆ ಕೇಳಬಾರದು. ಕೇಳಿದ ಮೇಲೆ ನಾನು ಇಟ್ಕೋಬಾರದು" ಎಂದು ಒರಳನ್ನು ನಡುಮನೆಯಲ್ಲಿ ಇಟ್ಟಳು. ನೆಲ ನಡುಗಿತು.

ನಾನು ಗೋಡೆಗೆ ಒರಗಿ ಕೂತಿದ್ದೆ. ಒಂದು ದಿನದ ಮೇಲಾಗಿತ್ತು ಹೊಟ್ಟೆಗೆ ಏನೂ ಬೀಳದೆ. ನೀರು ಕುಡಿಯುತ್ತಿದ್ದೆ, ಅಜ್ಜಿ ಇದ್ದಿದ್ದರೆ ಅದನ್ನೂ ಬಿಡಿಸುತ್ತಿದ್ದಳು. ನಾದಿನಿ ನನ್ನ ಮುಖ ನೋಡಿದಳು. ಅವಳ ಮುನಿಸು ಇಳಿದು, ಏನು ಕಳೆದಿದೆ ಹೇಳಿ ಅತ್ತಿಗೆ ಎಂದು ಪಕ್ಕದಲ್ಲಿ ಕೂತಳು. ಆಗ ಹೇಳಿದೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ತನ್ನ ಕೊರಳಿನ ಕರಡಿಗೆಯನ್ನು ಸೀರೆಯ ಮೇಲಿನಿಂದಲೇ ಮುಟ್ಟಿ ನೋಡಿಕೊಂಡಳು. ಆಮೇಲೆ ಎದ್ದು ಸೆರಗು ಸಿಕ್ಕಿಸಿ, ಬಂದ ಡಬ್ಬಿಗಳನ್ನೆಲ್ಲ ಮತ್ತೊಮ್ಮೆ ಬಿಚ್ಚಿದಳು. ಹದಿನೇಳು ಡಬ್ಬಿ. ಒಂದರಲ್ಲೂ ಇಲ್ಲ.

ಇವರು ಬಾಗಿಲಲ್ಲಿ ನೋಟ್‌ಬುಕ್ಕು ಹಿಡಿದು ನಿಂತಿದ್ದರು. ಬಂದ ಸಾಮಾನಿಗೆ ಒಂದೊಂದಾಗಿ ಗುರುತು ಹಾಕುತ್ತಿದ್ದರು. ಇಂಥ ಹೊತ್ತಿನಲ್ಲೂ ಲೆಕ್ಕವೇ ಎಂದು ನನಗೆ ಸಿಟ್ಟು ಬಂತು.

"ಡಬ್ಬಿ ಹದಿನೇಳು ಬಂತು, ನಾಲ್ಕು ಸೂಟ್‌ಕೇಸಿನಲ್ಲಿದೆ. ಒಂದು ಕಮ್ಮಿ" ಎಂದರು. ಪುಟ ತಿರುವಿದರು. "ಅರಿಶಿನದ ಡಬ್ಬಿ. ನೂರ ತೊಂಬತ್ತು ಗ್ರಾಂ." ಕನ್ನಡಕ ತೆಗೆದರು.

ನಾನು ಗೋಡೆ ಬಿಟ್ಟು ನೆಟ್ಟಗೆ ಕೂತೆ.

"ಅದನ್ನ ನಾನೇ ಸೂಟ್‌ಕೇಸಿಂದ ತೆಗೆದೆ. ಒಟ್ಟು ಅರವತ್ತು ಕೆಜಿ ಮೇಲೆ ನೂರ ಎಂಬತ್ತು ಗ್ರಾಂ ಆಗ್ತಿತ್ತು."

"ತೆಗೆದು?"

"ನೀನು ದೇವಸ್ಥಾನಕ್ಕೆ ಹೋದಾಗ ಪಕ್ಕದ ಮನೆಯವರು ಕರಿಬೇವಿನ ಕುಂಡಕ್ಕೆ ಬಂದಿದ್ರು. ಮುತ್ತೈದೆಗೆ ಏನಾದ್ರೂ ಕೊಡೋವಾಗ ಅರಿಶಿನ ಇಲ್ಲದೆ ಕೊಡಬಾರದು ಅಂತ ನೀನೇ ಹೇಳ್ತಿರ್ತೀಯಲ್ಲ. ಡಬ್ಬಿ ಸಮೇತ ಕೊಟ್ಟೆ."

ಹದಿನಾಲ್ಕು ವರ್ಷದಲ್ಲಿ ಈ ಮನುಷ್ಯ ನನ್ನ ಒಂದು ಮಾತನ್ನು ನೆನಪಿಟ್ಟುಕೊಂಡು ನಡೆಸಿದ್ದು ಅದೊಂದೇ ಸಲ. ಅರಿಶಿನದ ಕೊಂಬುಗಳ ಮಧ್ಯೆ ಬಿಳಿ ಗಂಟನ್ನು ಒತ್ತಿ ಮುಚ್ಚಳ ಹಾಕಿದ್ದು ಆಗ ಕಣ್ಣಿಗೆ ಕಟ್ಟಿದ ಹಾಗೆ ನೆನಪಾಯಿತು.

ಎದ್ದವಳೇ ಪಕ್ಕದ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಕರಿಬೇವಿನ ಕುಂಡ ಜಗುಲಿಯಲ್ಲಿ ಆಗಲೇ ನೀರು ಕುಡಿದು ನಿಂತಿತ್ತು. ಒಳಗೆ ಅವಳ ದೇವರ ಗೂಡು ನೇರವಾಗಿ ಕಾಣುತ್ತದೆ. ಅಲ್ಲಿ ಅವಳ ದೇವರ ಪಟಗಳ ಮುಂದೆ ಒಂದು ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ನನ್ನ ಬಿಳಿ ವಸ್ತ್ರ ಮಡಿಸಿ ಹಾಸಿತ್ತು, ಅದರ ಮೇಲೆ ನನ್ನ ಲಿಂಗ. ಸುತ್ತ ಕನಕಾಂಬರ ಹೂವು. ಮುಂದೆ ಸಣ್ಣ ಲೋಟದಲ್ಲಿ ಹಾಲು.

ನಾನು ಹೊಸ್ತಿಲ ಮೇಲೆಯೇ ಕೂತೆ.

ಅವಳು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಮುಖ ಅರಳಿಸಿಕೊಂಡು, "ಬನ್ನಿ ಅಕ್ಕ, ನಾನೇ ಬರ್ಬೇಕು ಅಂತ ಇದ್ದೆ. ಸಾರ್ ಕೈಲಿ ಸಾಮಿ ಕೊಟ್ಟು ಕಳ್ಸಿದ್ದೀರ, ಒಂದು ಮಾತೂ ಹೇಳಿಲ್ಲ. ನೀವು ಅಷ್ಟು ದೂರ ಹೋಗ್ತೀರ, ನಮಗೆ ಕಾವಲು ಇರ್ಲಿ ಅಂತ ತಾನೆ?" ಎಂದಳು.

ಅವಳೇ ಮುಂದುವರಿಸಿದಳು. ನೀವು ನಿತ್ಯ ಕೈಯಲ್ಲಿಟ್ಟು ಪೂಜೆ ಮಾಡೋದು ಕಿಟಕಿಯಿಂದ ಕಂಡಿದ್ದೆ, ನನಗೆ ಆ ಕ್ರಮ ಗೊತ್ತಿಲ್ಲ, ಕೈಯಲ್ಲಿ ಹಿಡಿಯೋಕೆ ಭಯ, ಬಟ್ಟೆ ಸಮೇತ ಎತ್ತಿ ಇಟ್ಟೆ ಅಕ್ಕ, ತಪ್ಪಾಯ್ತಾ ಎಂದು ಕೇಳಿದಳು. ಸಾಮಿ ಬಂದ ಮಾರನೆಯ ದಿನವೇ ನಲ್ಲಿಯಲ್ಲಿ ಮೂರು ಗಂಟೆ ಬಿಡದೆ ನೀರು ಬಂತು ಎಂದಳು. ನೀರು ಇಡೀ ಸಾಲಿಗೆ ಬಂದಿತ್ತು, ನಮ್ಮ ಮನೆಗೂ ಬಂದಿತ್ತು. ಅದನ್ನು ನಾನು ಹೇಳಲಿಲ್ಲ.

ನಿಜ ಹೇಳಲೇಬೇಕಾಯಿತು. ಕೊಟ್ಟಿದ್ದಲ್ಲ, ತಪ್ಪಿ ಬಂದದ್ದು, ಇದು ಒಬ್ಬರ ಕೊರಳಿನದ್ದು ಇನ್ನೊಬ್ಬರಿಗೆ ಕೊಡುವಂಥದ್ದಲ್ಲ, ನಿನ್ನೆ ಬೆಳಿಗ್ಗೆಯಿಂದ ಇದಕ್ಕಾಗಿ ಉಪವಾಸ ಇದ್ದೇನೆ ಎಂದೆ. ಅವಳ ಮುಖ ಸಣ್ಣದಾಯಿತು. ದೇವರ ಗೂಡಿನತ್ತ ತಿರುಗಿ ಕೈಮುಗಿದಳು. ಆಮೇಲೆ ತಟ್ಟೆಯನ್ನು ಹೂವು ಸಮೇತ ಎರಡು ಕೈಯಲ್ಲಿ ತಂದು ನನ್ನ ಮುಂದೆ ಇಟ್ಟಳು.

"ನಿಮ್ಮ ಸಾಮಿ ನಿಮ್ಮನ್ನ ಬಿಟ್ಟು ಇರ್ತಾನಾ ಅಕ್ಕ" ಎಂದಳು. ತಟ್ಟೆಯ ಹೂವು ಸರಿಮಾಡುತ್ತ, "ಎರಡು ದಿವಸಕ್ಕೆ ಬಂದು ಹೋದ" ಎಂದಳು.

ಒಂದು ಚೊಂಬು ನೀರು ಕೊಡು ಎಂದು ಕೇಳಿದೆ. ಅವಳ ಮನೆಯ ನೀರಿನಲ್ಲಿ, ಅವಳ ದೇವರ ಗೂಡಿನ ಮುಂದೆ ಕೂತು, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಿದೆ. ಶಿವನ ಮುಂದೆ ದೂರು ಹೇಳಬೇಕು ಅಂದುಕೊಂಡಿದ್ದೆ. ಆದರೆ ನೋಡಿದರೆ ಅವನು ಚೆನ್ನಾಗಿಯೇ ಇದ್ದ. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಹತ್ತು ದಿನದಿಂದ ನಾನು ಅವನಿಗೆ ಎರಡು ಹನಿ ನೀರು, ಒಂದು ಒಣಗಿದ ಪತ್ರೆಯಲ್ಲಿ ಮುಗಿಸುತ್ತಿದ್ದೆ. ಇಲ್ಲಿ ಹೂವು, ಹಾಲು, ಎರಡು ಹೊತ್ತು ದೀಪ. ನಾನಾಗಿದ್ದರೂ ಎರಡು ದಿನ ಇದ್ದು ಬರುತ್ತಿದ್ದೆ.

ಪೂಜೆ ಮುಗಿದಾಗ ಅವಳು ಬಾಗಿಲ ಹತ್ತಿರ ನಿಂತಿದ್ದಳು. ಏನೋ ಕೇಳಬೇಕು, ಕೇಳಲು ಹಿಂಜರಿಕೆ. ಅದು ಏನೆಂದು ನನಗೆ ಗೊತ್ತು. ಅವರ ಮನೆಯಲ್ಲಿ ಮೀನು, ಮಾಂಸ ಮಾಡುತ್ತಾರೆ. ಹನ್ನೊಂದು ವರ್ಷದಲ್ಲಿ ನಾನು ಅಲ್ಲಿ ಒಂದು ಲೋಟ ಕಾಫಿಯನ್ನೂ ಕುಡಿದಿರಲಿಲ್ಲ. ಈಗ ತಾನೇ ಊಟ ಆಯ್ತು, ಹೊಟ್ಟೆ ಸರಿ ಇಲ್ಲ, ಇವತ್ತು ಸೋಮವಾರ ಎನ್ನುತ್ತಿದ್ದೆ. ಇಂಥ ನೆಪಗಳು ನನ್ನಲ್ಲಿ ಎಷ್ಟಿದ್ದವೆಂದರೆ ಅವನ್ನು ತೂಗಿದ್ದರೆ ಒಂದು ಸೂಟ್‌ಕೇಸು ಆಗುತ್ತಿತ್ತು. ಅವಳು ಅದನ್ನೆಲ್ಲ ನಂಬಿದ ಹಾಗೆ ಇದ್ದಳು, ಅಷ್ಟೆ.

"ಸಾಮಿಗೆ ಅಂತ ಪೊಂಗಲ್ ಮಾಡಿದೀನಿ. ಪಾತ್ರೆ ಬೇರೆ ಅಕ್ಕ, ದೇವರದ್ದು" ಎಂದಳು, ನೆಲ ನೋಡುತ್ತ.

"ಪಾತ್ರೆ ಯಾವ್ದಾದ್ರೂ ಇರ್ಲಿ, ಬೇಗ ಹಾಕು ಮಾರಾಯ್ತಿ. ಕಣ್ಣು ಕತ್ತಲೆ ಬರ್ತಿದೆ" ಎಂದೆ.

ಎರಡು ಸಲ ಹಾಕಿಸಿಕೊಂಡೆ. ಒಗ್ಗರಣೆಯಲ್ಲಿ ನಮ್ಮ ಗಿಡದ್ದೇ ಕರಿಬೇವು. ಮೂರನೆಯ ಸಲ ಹಾಕುವಾಗ ನಾದಿನಿ ಹುಡುಕಿಕೊಂಡು ಬಂದವಳು ಬಾಗಿಲಲ್ಲಿ ನಿಂತು ನನ್ನನ್ನೂ ಎಲೆಯನ್ನೂ ನೋಡಿದಳು. ನೀನೂ ಕೂತ್ಕೋ ಎಂದೆ. ಅವಳೂ ಕೂತಳು. ಇವರನ್ನು ಕರೆಯಲಿಲ್ಲ. ಅವರು ಉಪವಾಸ ಇದ್ದರಲ್ಲ.

ಮಧ್ಯಾಹ್ನ ಸೂಟ್‌ಕೇಸು ಬಿಚ್ಚಿ ನನ್ನ ಹಿತ್ತಾಳೆಯ ದೀಪದ ಜೋಡಿಯನ್ನು ತೆಗೆದು, ಅರಿಶಿನ ಕುಂಕುಮ ಇಟ್ಟು ಪಕ್ಕದ ಮನೆಗೆ ಕೊಟ್ಟು ಬಂದೆ. ಈ ಸಲ ನಾನೇ ಕೊಟ್ಟೆ, ಬಾಯಿಬಿಟ್ಟು ಹೇಳಿ ಕೊಟ್ಟೆ. ಎಂಟುನೂರು ಗ್ರಾಂ ಇಳಿಯಿತೆಂದು ಇವರಿಗೆ ಸಂತೋಷ. ವಾಪಸು ಬಂದ ಸಾಮಾನನ್ನು ಮತ್ತೆ ಅದೇ ಮನೆಗಳಿಗೆ ಮುಟ್ಟಿಸಲು ಗುರುವಾರ ಪೂರ್ತಿ ಹೋಯಿತು. ಪಾತ್ರೆ ತೊಳೆಯುವವಳಿಗೆ ಹಾಸಿಗೆಯ ಜೊತೆ ಕ್ಷಮೆಯನ್ನೂ ಕೊಡಬೇಕಾಯಿತು. ಎರಡನ್ನೂ ಅವಳು ಗತ್ತಿನಿಂದ ತೆಗೆದುಕೊಂಡಳು.

ಬಟ್ಟೆಯ ಚೀಲ ಹೊಲಿಯಲೇ ಇಲ್ಲ. ಇನ್ನೊಮ್ಮೆ ಕರಡಿಗೆಯಿಂದ ತೆಗೆಯುವ ಧೈರ್ಯವಿರಲಿಲ್ಲ. ಮುಂಬೈ ಏರ್‌ಪೋರ್ಟಿನಲ್ಲಿ ಆ ಚೌಕಟ್ಟಿನ ಮುಂದೆ ನಿಂತಾಗ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು, ಶಿವನೇ, ಪರರ ಮನೆಯಲ್ಲಿ ಎರಡು ದಿನ ಇದ್ದು ಬಂದವನು ನೀನು, ಈ ಪೊಲೀಸಿನವಳೊಬ್ಬಳ ಕೈಯೇನು ದೊಡ್ಡದು ಎಂದು ಹೇಳಿಕೊಂಡು ದಾಟಿದೆ. ಅದು ಕೂಗಲಿಲ್ಲ. ಮಗಳು ದಾಟಿದಳು, ಕೂಗಲಿಲ್ಲ. ನಮ್ಮ ಮನೆಯವರು ದಾಟಿದರು, ಬಾಯಿ ಬಡಿದುಕೊಂಡಿತು. ಪೊಲೀಸಿನವನು ಜೇಬಿಗೆ ಕೈ ಹಾಕಿ ತೆಗೆದದ್ದು ಕಾಲೇಜಿನ ಲ್ಯಾಬಿನ ಹಿತ್ತಾಳೆ ಬೊಟ್ಟುಗಳನ್ನು. ತಕ್ಕಡಿ ವಾಪಸು ಕೊಟ್ಟು ಬೊಟ್ಟು ಜೇಬಿನಲ್ಲೇ ಬಿಟ್ಟುಕೊಂಡು ಬಂದಿದ್ದರು.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಎಷ್ಟು ಗ್ರಾಂ ಎಂದು ಕೇಳಲಿಲ್ಲ.